ಗೋಡೆ ಎಸಿ ಸೋರಿದರೆ ಗ್ಯಾಸ್ ಹಾಕಿಸುವ ಮುನ್ನ: ದಾವಣಗೆರೆ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಗೋಡೆಗೆ ಹೊಸದಾಗಿ ಕೂರಿಸಿದ ಸ್ಪ್ಲಿಟ್ ಎಸಿ ತಕರಾರು ಮಾಡಿದರೆ ದಾವಣಗೆರೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಸರ್, ಗ್ಯಾಸ್ ಕಮ್ಮಿ ಐತಿ, ಹಾಕ್ಬೇಕು." ನೀರು ಸೋರಿದರೂ ಗ್ಯಾಸ್, ತಂಪಾಗದಿದ್ದರೂ ಗ್ಯಾಸ್, ಐಸ್ ಕಟ್ಟಿದರೂ ಗ್ಯಾಸ್. ಗ್ಯಾಸ್ ಅನ್ನುವುದು ಬೈಕಿನ ಪೆಟ್ರೋಲ್ ಥರ ಉರಿದು ಮುಗಿಯುವುದಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಮೇಲಿಂದ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತದೇ ಬಿಲ್ಲು.

ಕೂರಿಸಿದ ಮೊದಲ ವರ್ಷ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದೊಳಗೆ ಹುಟ್ಟಿದವಲ್ಲ. ಕೂರಿಸಿದ ದಿನ ಗೋಡೆಯ ಮೇಲೆ, ತೂತಿನಲ್ಲಿ, ಪೈಪಿನ ಜಾಯಿಂಟಿನಲ್ಲಿ, ವೈರಿನಲ್ಲಿ ಮಾಡಿದ ಅವಸರದಿಂದ ಹುಟ್ಟಿದವು. ಆದ್ದರಿಂದ ತಪಾಸಣೆಯೂ ಗೋಡೆಯಿಂದ ಶುರುವಾಗಬೇಕು, ಗ್ಯಾಸ್ ಸಿಲಿಂಡರಿನಿಂದಲ್ಲ. ಕೆಳಗಿನ ಅನುಕ್ರಮವೂ ಹಾಗೇ ಇದೆ: ಕಣ್ಣಿಗೆ ಕಾಣುವುದು, ಖರ್ಚಿಲ್ಲದ್ದು ಮೊದಲು, ಮೀಟರು, ಪಂಪು ಬೇಕಾದದ್ದು ಆಮೇಲೆ.

ಕೈ ಹಾಕುವ ಮೊದಲು

ರಿಮೋಟಿನಲ್ಲಿ ಆಫ್ ಮಾಡಿದರೆ ಎಸಿಗೆ ಕರೆಂಟ್ ನಿಂತಂತಲ್ಲ. ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಕೆಳಗಿಳಿಸಿ, ಮನೆಯಲ್ಲಿ ಬೇರೆ ಯಾರೂ ಮೇಲೆತ್ತದಂತೆ ಅದರ ಮೇಲೆ ಟೇಪು ಅಂಟಿಸಿ. ಕೆಲವು ಮಾದರಿಗಳಲ್ಲಿ ಕರೆಂಟು ಮೊದಲು ಹೊರಗಿನ ಯಂತ್ರವಾದ ಔಟ್‌ಡೋರಿಗೆ ಹೋಗಿ ಅಲ್ಲಿಂದ ಒಳಗಿನ ಯಂತ್ರವಾದ ಇಂಡೋರಿಗೆ ಬರುತ್ತದೆ, ಕೆಲವದರಲ್ಲಿ ಉಲ್ಟಾ. ಹಾಗಾಗಿ ಒಂದು ಕಡೆಯ ಪ್ಲಗ್ ಕಿತ್ತೆ ಎಂದು ಧೈರ್ಯ ಮಾಡಬೇಡಿ. ಯುಪಿಎಸ್ ಇರುವ ಮನೆಯಲ್ಲಿ ಎಸಿ ಲೈನು ತಪ್ಪಿ ಯುಪಿಎಸ್ ಬೋರ್ಡಿಗೆ ಸೇರಿದೆಯೇ ಎಂದೂ ನೋಡಿ; ಮೈನ್ ಇಳಿಸಿದ ಮೇಲೂ ವೈರು ಜೀವಂತವಾಗಿರುವುದು ಅಲ್ಲೇ. ಇನ್ವರ್ಟರ್ ಎಸಿಯ (ಕಂಪ್ರೆಸರ್ ವೇಗ ಬೇಕಾದಂತೆ ಏರಿಳಿಯುವ ಎಸಿ) ಔಟ್‌ಡೋರ್ ಬೋರ್ಡಿನ ಕೆಪಾಸಿಟರುಗಳು ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತವೆ. ಅದರ ಮುಚ್ಚಳ ಮನೆಯವರು ತೆಗೆಯುವಂಥದ್ದೇ ಅಲ್ಲ.

ಗ್ಯಾಸಿನ ಹೆಸರು ಔಟ್‌ಡೋರಿನ ಪಕ್ಕದ ಲೇಬಲ್ಲಿನಲ್ಲಿರುತ್ತದೆ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಆರ್-32, ಕೆಲವದರಲ್ಲಿ ಆರ್-290, ಸ್ವಲ್ಪ ಹಳೆಯದರಲ್ಲಿ ಆರ್-410ಎ ಅಥವಾ ಆರ್-22. ಆರ್-290 ಎಂದರೆ ಪ್ರೊಪೇನ್. ಅಡುಗೆ ಸಿಲಿಂಡರಿಗೆ ತುಂಬುವ ಎಲ್‌ಪಿಜಿಯಲ್ಲೂ ಅದೇ ಇರುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆರ್-32 ಅಷ್ಟು ಚುರುಕಲ್ಲದಿದ್ದರೂ ಉರಿಯುವ ಜಾತಿಯದೇ. ಎರಡೂ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತವೆ. ಪೈಪಿನ ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ. ದೇವರ ದೀಪ, ಊದಿನಕಡ್ಡಿ, ಬೀಡಿ, ಗ್ಯಾಸ್ ಒಲೆ ಯಾವುದೂ ಹತ್ತಿರ ಬೇಡ.

ಇನ್ನೊಂದು ಎಚ್ಚರಿಕೆ ಮೆಕ್ಯಾನಿಕ್ಕಿಗೇ ಸೇರಿದ್ದು, ಆದರೆ ಮನೆಯವರಿಗೂ ಗೊತ್ತಿರಲಿ. ಸೋರಿಕೆ ಪರೀಕ್ಷೆಗೆ ಪೈಪಿನೊಳಗೆ ಒತ್ತಡ ತುಂಬಬೇಕಾದರೆ ಒಣ ನೈಟ್ರೋಜನ್ ಮಾತ್ರ ಬಳಸಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದು ಜೋಡಿಸಿದರೆ, ಕಂಪ್ರೆಸರಿನ ಎಣ್ಣೆಯೂ ಆಕ್ಸಿಜನ್ನೂ ಸೇರಿ ಸ್ಫೋಟವಾಗಬಹುದು. ಅಂಥ ಸಿಲಿಂಡರ್ ಮನೆಯೊಳಗೆ ಬರುವುದು ಕಂಡರೆ ಕೆಲಸ ನಿಲ್ಲಿಸಿ. ಮುಲಾಜು ಬೇಡ.

ನೀರು ತೊಟ್ಟಿಕ್ಕುವುದು

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ತಪ್ಪು ಚಿಕಿತ್ಸೆ ಸಿಗುವುದೂ ಇದಕ್ಕೇ. ಇಂಡೋರಿನೊಳಗೆ ಗ್ಯಾಸ್ ಸುತ್ತುವ ತಣ್ಣಗಿನ ಪೈಪಿನ ಸುರುಳಿ, ಅಂದರೆ ಕಾಯಿಲ್ ಮೇಲೆ ಕೋಣೆಯ ಗಾಳಿಯ ತೇವ ನೀರಾಗಿ ಇಳಿಯುತ್ತದೆ, ಕೆಳಗಿನ ಟ್ರೇಗೆ ಬೀಳುತ್ತದೆ, ಡ್ರೈನ್ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಹೊರಗೆ ಹರಿಯುತ್ತದೆ. ಗೋಡೆ ಎಸಿಯಲ್ಲಿ ಸಾಮಾನ್ಯವಾಗಿ ನೀರೆತ್ತುವ ಪಂಪ್ ಇರುವುದಿಲ್ಲ. ಇಳಿಜಾರೇ ಅದರ ಪಂಪು.

ನಮ್ಮ ಕಡೆ ಇದರಲ್ಲೊಂದು ಮೋಸವಿದೆ. ಮಾರ್ಚ್, ಏಪ್ರಿಲ್‌ನಲ್ಲಿ ದಾವಣಗೆರೆ, ಚಿತ್ರದುರ್ಗದ ಗಾಳಿ ಒಣಗಿ ಗರಿಗರಿ ಅನ್ನುವಂತಿರುತ್ತದೆ. ಎಸಿಯಿಂದ ಇಳಿಯುವ ನೀರೂ ಕಡಿಮೆ. ಇಳಿಜಾರು ತಪ್ಪಿದ್ದರೂ ಅಷ್ಟು ನೀರನ್ನು ಟ್ರೇ ಹೇಗೋ ಸಂಭಾಳಿಸುತ್ತದೆ. ಭರಣಿ, ಕೃತ್ತಿಕೆ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿತೋ, ಅದೇ ಎಸಿ ದಿಢೀರನೆ ಸೋರತೊಡಗುತ್ತದೆ. ಮನೆಯವರಿಗೆ "ಎರಡು ತಿಂಗಳು ಚೆನ್ನಾಗಿತ್ತು, ಈಗ ಕೆಟ್ಟಿತು" ಅನ್ನಿಸುತ್ತದೆ. ಕೆಟ್ಟದ್ದು ಈಗಲ್ಲ, ಕೂರಿಸಿದ ದಿನವೇ ಇದ್ದ ದೋಷ ಈಗ ಕಾಣಿಸಿತು. ಹಾಗಾಗಿ ಬೇಸಿಗೆಯಲ್ಲಿ ಕೂರಿಸಿದ ಎಸಿಯನ್ನು ನೀರು ಸುರಿದು ಪರೀಕ್ಷಿಸದೆ ಸರಿಯಿದೆ ಎಂದು ಒಪ್ಪಿಕೊಳ್ಳಬಾರದು.

ಪರೀಕ್ಷೆ ಹೀಗೆ. ಎಂಸಿಬಿ ಇಳಿಸಿ, ಮುಂದಿನ ಪ್ಯಾನೆಲ್ ಎತ್ತಿ, ಫಿಲ್ಟರ್ ಹೊರತೆಗೆಯಿರಿ. ಒಂದು ಲೀಟರ್ ಬಾಟಲಿಯಿಂದ ಕಾಯಿಲಿನ ಕೆಳಭಾಗದ ಮೇಲೆ ಸಣ್ಣ ಧಾರೆಯಾಗಿ ನೀರು ಬಿಡಿ. ಎಲೆಕ್ಟ್ರಿಕ್ ಡಬ್ಬಿ ಹೆಚ್ಚಾಗಿ ಬಲತುದಿಯಲ್ಲಿರುತ್ತದೆ, ಆ ಕಡೆಗೆ ಬಾಟಲಿ ಒಯ್ಯಬೇಡಿ. ಮನೆಯ ಇನ್ನೊಬ್ಬರು ಹೊರಗೆ ಪೈಪಿನ ತುದಿಯ ಬಳಿ ನಿಂತಿರಲಿ. ಒಳಗೆ ಸುರಿದ ಓಘದಲ್ಲೇ ಹೊರಗೆ ಬಂದರೆ ಡ್ರೈನ್ ಸರಿಯಿದೆ. ನಿಧಾನಕ್ಕೆ ತೊಟ್ಟಿಕ್ಕಿದರೆ, ಗುಳುಗುಳು ಎಂದು ತಡೆತಡೆದು ಬಂದರೆ, ಅಥವಾ ಗೋಡೆಯ ಮೇಲೇ ಇಳಿದರೆ ಮುಂದಿನದನ್ನು ನೋಡಿ.

ನೀರು ಎಲ್ಲಿಂದ ಬೀಳುತ್ತಿದೆ ಎನ್ನುವುದೇ ಅರ್ಧ ಉತ್ತರ. ಒಂದು ಮೂಲೆಯಿಂದ ಮಾತ್ರ ತೊಟ್ಟಿಕ್ಕುತ್ತಿದ್ದರೆ, ಅದೂ ಡ್ರೈನ್ ಪೈಪ್ ಇರುವ ಕಡೆಗೆ ಎದುರಿನ ಮೂಲೆಯಾದರೆ, ಇಂಡೋರ್ ಆ ಕಡೆಗೆ ವಾಲಿದೆ. ರಸಮಟ್ಟವನ್ನು ಇಂಡೋರಿನ ಮೇಲಿಟ್ಟರೆ ಗೊತ್ತಾಗುತ್ತದೆ. ಗುಳ್ಳೆ ನಡುವೆ ಇರಬೇಕು. ಡ್ರೈನ್ ಕಡೆಗೆ ಕೂದಲೆಳೆಯಷ್ಟು ತಗ್ಗಿದ್ದರೆ ತೊಂದರೆಯಿಲ್ಲ, ಎದುರು ಕಡೆಗೆ ತಗ್ಗಿರಬಾರದು. ಕೆಲವು ಟ್ರೇಗಳಿಗೆ ಎರಡೂ ತುದಿಯಲ್ಲಿ ಬಾಯಿ ಇರುತ್ತದೆ, ಬಳಸದ ಬಾಯಿಗೆ ರಬ್ಬರ್ ಬಿರಡೆ. ಪೈಪನ್ನು ಎಡಕ್ಕೆ ಬದಲಿಸುವಾಗ ಬಿರಡೆಯನ್ನು ಬಲಕ್ಕೆ ಹಾಕಲು ಮರೆತಿದ್ದರೆ, ಅಥವಾ ಅರ್ಧ ತೂರಿಸಿ ಬಿಟ್ಟಿದ್ದರೆ, ಆ ಮೂಲೆ ಸೋರುತ್ತಲೇ ಇರುತ್ತದೆ. ಬೆರಳಲ್ಲಿ ಒತ್ತಿದರೆ ಸರಿಹೋಗುವ ದೋಷ.

ಗೋಡೆಗುಂಟ, ಇಂಡೋರಿನ ಹಿಂದಿನಿಂದ ನೀರು ಇಳಿಯುತ್ತಿದ್ದರೆ ಮೂರು ಅನುಮಾನ. ಯಂತ್ರದ ಸಣ್ಣ ಡ್ರೈನ್ ಹೋಸಿಗೆ ಹೊರಗಿನ ಪೈಪ್ ಸೇರಿಸಿದ ಜಾಯಿಂಟ್ ಗೋಡೆಯೊಳಗೇ ಬಿಚ್ಚಿಕೊಂಡಿರಬಹುದು. ತಾಮ್ರದ ಪೈಪಿನ ಮೇಲಿನ ಕಪ್ಪು ಫೋಮು ಜಾಯಿಂಟಿನ ಬಳಿ ಗೇಣುದ್ದ ಬಿಟ್ಟುಹೋಗಿ, ಬರಿ ತಾಮ್ರ ಬೆವರುತ್ತಿರಬಹುದು. ಮೂರನೆಯದು ತೂತು. ಪೈಪ್ ಹೋಗುವ ತೂತನ್ನು ಒಳಗಿನಿಂದ ಹೊರಗೆ ಐದರಿಂದ ಹತ್ತು ಮಿಲಿಮೀಟರ್ ತಗ್ಗಾಗಿ ಕೊರೆಯಬೇಕು. ನೆಟ್ಟಗೆ ಕೊರೆದರೆ ಡ್ರೈನಿಗೆ ಇಳಿಜಾರು ಸಿಗದು. ಒಳಗೆ ತಗ್ಗಾದರೆ ಹೊರಗಿನ ಮಳೆ ನೀರೂ ಒಳಗೇ ಬರುತ್ತದೆ.

ವಿದ್ಯಾನಗರದ ಕಡೆಯ ಒಂದು ಮನೆಯಲ್ಲಿ ನಡೆದದ್ದು ಇದೇ. ಮೊದಲ ಮಹಡಿಯ ಕೋಣೆ, ಪಡುವಣ ಗೋಡೆ. ಎಸಿ ಸೋರುತ್ತದೆಂದು ಗ್ಯಾಸ್ ಹಾಕಿಸಿಯೂ ಆಗಿತ್ತು. ಮನೆಯ ಅಜ್ಜಿ ಒಂದು ಮಾತು ಹೇಳಿದರು: "ನಿನ್ನೆ ರಾತ್ರಿ ಎಸಿ ಹಾಕೇ ಇರಲಿಲ್ಲಪ್ಪ, ಆದ್ರೂ ಗ್ವಾಡೆ ನೆಂದೈತಿ." ಅಲ್ಲಿಗೆ ಯಂತ್ರ ನಿರಪರಾಧಿ ಎಂದಾಯಿತು. ಎಸಿ ಓಡದ ರಾತ್ರಿಯೂ ಗೋಡೆ ನೆನೆದಿದ್ದರೆ ನೀರು ಕಾಯಿಲಿನದಲ್ಲ, ಆಕಾಶದ್ದು. ಹೊರಗೆ ಏಣಿ ಹಾಕಿ ನೋಡಿದರೆ ತೂತಿನ ಸುತ್ತ ಬರೀ ಬಟ್ಟೆ ತುರುಕಿದ್ದರು, ಅದೂ ಒಳಗಿಳಿಜಾರಿನ ತೂತು. ತೂತನ್ನು ಸರಿಯಾಗಿ ಕೊರೆದು, ಪಿವಿಸಿ ತೋಳು ಕೂರಿಸಿ, ಹೊರಬಾಯಿಗೆ ಪುಟ್ಟಿ ಮೆತ್ತಿ, ಪೈಪುಗಳು ಗೋಡೆ ಸೇರುವ ಮುನ್ನ ಕೆಳಕ್ಕೆ ಒಂದು ಬಾಗು ಕೊಟ್ಟದ್ದೇ ರಿಪೇರಿ. ಆ ಬಾಗಿನಿಂದ ಮಳೆ ನೀರು ಪೈಪುಗುಂಟ ತೂತಿಗೆ ಹರಿಯದೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ. "ಎಸಿ ಬಂದ್ ಇದ್ದಾಗಲೂ ಸೋರುತ್ತದೆಯೇ?" ಎಂಬ ಪ್ರಶ್ನೆಯನ್ನು ಯಾವ ಮೆಕ್ಯಾನಿಕ್ಕೂ ಮೊದಲೇ ಕೇಳಬೇಕು. ಕೇಳುವವರು ಕಡಿಮೆ.

ಗಾಳಿ ಬರುವ ಬಾಯಿಂದಲೇ ಹನಿ ಸಿಡಿಯುತ್ತಿದ್ದರೆ ಡ್ರೈನಿನ ತಪ್ಪಲ್ಲ. ಫಿಲ್ಟರ್ ಕಟ್ಟಿದೆ, ಗಾಳಿ ತಳ್ಳುವ ಬ್ಲೋವರಿಗೆ ಕೊಳೆ ಹಿಡಿದಿದೆ, ಅಥವಾ ಕಾಯಿಲಿಗೆ ಐಸ್ ಕಟ್ಟಿ ಕರಗುತ್ತಿದೆ. ಮಂಡಕ್ಕಿ ಭಟ್ಟಿಯ ಹೊಗೆ ಬೀಸುವ ಓಣಿಗಳಲ್ಲೂ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಬರುವ ಕಡೆಯೂ ಎಸಿ ಕಂಪನಿಯ ಕೈಪಿಡಿಯಲ್ಲಿ ಬರೆದ ಅವಧಿಗೆ ಕಾಯಬೇಡಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಮಸಿ ಜಿಡ್ಡಿನಂತೆ ಅಂಟಿದ್ದರೆ ಬರೀ ನೀರಿಗೆ ಬಿಡುವುದಿಲ್ಲ, ಪಾತ್ರೆ ಸೋಪಿನ ನೀರು ಬೇಕು. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಫ್ರೇಮ್ ಸೊಟ್ಟಗಾಗುತ್ತದೆ.

ಹೊರಗಿನ ಡ್ರೈನ್ ಪೈಪನ್ನು ಉದ್ದಕ್ಕೂ ಕಣ್ಣಲ್ಲೇ ಹಿಂಬಾಲಿಸಿ. ಪ್ರತಿ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು. ಎಲ್ಲಾದರೂ ಜೋತುಬಿದ್ದು ಹೊಟ್ಟೆ ಮಾಡಿಕೊಂಡಿದ್ದರೆ ಅಲ್ಲಿ ನೀರು ನಿಂತು, ಅದರ ಹಿಂದೆ ಗಾಳಿ ಸಿಕ್ಕಿಹಾಕಿಕೊಂಡು ಹರಿವು ತಡೆಯುತ್ತದೆ. ಕಿಟಕಿಯ ಸಜ್ಜದ ಮೇಲೆ ಹತ್ತಿಸಿ ಇಳಿಸಿದ್ದರಂತೂ ಮುಗಿಯಿತು. ಗಿಡಕ್ಕೆ ನೀರಾಗಲಿ ಎಂದು ತುದಿಯನ್ನು ಕ್ಯಾನಿನೊಳಗೆ ಇಳಿಬಿಡುವುದು ಒಳ್ಳೆಯದೇ, ಆದರೆ ಕ್ಯಾನ್ ತುಂಬಿ ತುದಿ ಮುಳುಗಿದರೆ ಟ್ರೇ ತುಂಬುತ್ತದೆ. ತುದಿ ಕ್ಯಾನಿನ ಬಾಯಿಗಿಂತ ಮೇಲಿರಲಿ. ಬಚ್ಚಲ ಮೋರಿಗೋ ಒಳಚರಂಡಿ ಪೈಪಿಗೋ ನೇರವಾಗಿ ಸೇರಿಸಿದ್ದರೆ ವಾಸನೆ, ಜಿರಲೆ ಎರಡೂ ಎಸಿಯೊಳಗೆ ಬರುತ್ತವೆ. ಚರಂಡಿಯ ಗ್ಯಾಸಿಗೆ ಕಾಯಿಲೂ ಸವೆಯುತ್ತದೆ.

ಪ್ಲೇಟು ಮತ್ತು ಗೋಡೆ

ಇಂಡೋರಿನ ತೂಕ ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕು ಕೆ.ಜಿ. ಅಷ್ಟನ್ನೂ ಹೊರುವುದು ಹಿಂದಿನ ತಗಡಿನ ಪ್ಲೇಟು, ಪ್ಲೇಟನ್ನು ಹೊರುವುದು ಸ್ಕ್ರೂ, ಸ್ಕ್ರೂವನ್ನು ಹೊರುವುದು ಗೋಡೆ. ಇಂಡೋರಿನ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆತ್ತಗೆ ಅಲ್ಲಾಡಿಸಿ. ಯಂತ್ರ ಕೊಕ್ಕೆಯಲ್ಲಿ ಸ್ವಲ್ಪ ಆಡಿದರೆ ಪರವಾಗಿಲ್ಲ. ಪ್ಲೇಟೇ ಗೋಡೆಯಿಂದ ಬಿಟ್ಟು ಬರುವಂತಿದ್ದರೆ, ಮೇಲಂಚಿನಲ್ಲಿ ಸಂದು ಕಂಡರೆ, ಕೆಳಗೆ ಗಾರೆಯ ಪುಡಿ ಉದುರಿದ್ದರೆ ಆಗಲೇ ಎಸಿ ನಿಲ್ಲಿಸಿ. ಅದರ ಕೆಳಗೆ ಮಂಚ ಇದ್ದರೆ ಸರಿಸಿ.

ಗೋಡೆ ಯಾವುದೆಂದು ಡ್ರಿಲ್ಲಿನ ಪುಡಿಯೇ ಹೇಳುತ್ತದೆ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಂದರೆ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್. ಇವೆರಡಕ್ಕೂ ಒಳ್ಳೆಯ ನೈಲಾನ್ ಪ್ಲಗ್, ಸ್ಕ್ರೂ ಸಾಕು. ಬೂದು ಪುಡಿ ಬರುತ್ತಿದ್ದಂತೆ ಡ್ರಿಲ್ ತಟ್ಟನೆ ಒಳಗೆ ನುಗ್ಗಿದರೆ ಟೊಳ್ಳು ಬ್ಲಾಕು. ಅಲ್ಲಿ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ, ಒಳಗೆ ಬಿಚ್ಚಿಕೊಳ್ಳುವ ಜಾತಿಯ ಆಂಕರ್ ಬೇಕು. ಮೈದಾಹಿಟ್ಟಿನಂಥ ಬಿಳಿ ಪುಡಿ ಬಂದರೆ ಈಗಿನ ಹೊಸ ಬಡಾವಣೆಗಳಲ್ಲಿ ಕಾಣುವ ಹಗುರ ಬ್ಲಾಕು. ಅದಕ್ಕೆಂದೇ ಉದ್ದನೆಯ ಪ್ಲಗ್ ಸಿಗುತ್ತದೆ, ಮತ್ತು ಡ್ರಿಲ್ಲಿನ ಹ್ಯಾಮರ್ ಮೋಡ್ ಬಂದ್ ಮಾಡಿ ಕೊರೆಯಬೇಕು.

ಕಂದು ಮಣ್ಣೇ ಉದುರಿದರೆ ಅಲ್ಲಿಗೇ ನಿಲ್ಲಿಸಿ ಯೋಚಿಸಬೇಕು. ಮಂಡಿಪೇಟೆಯ ಹಳೆಯ ಮನೆಗಳಲ್ಲಿ, ಚಿತ್ರದುರ್ಗದ ಕೋಟೆಯ ಬುಡದ ಮಾಳಿಗೆ ಮನೆಗಳಲ್ಲಿ ಗೋಡೆ ಎರಡಡಿ ದಪ್ಪವಿರುತ್ತದೆ, ಒಳಗೆ ಕಲ್ಲು ಮತ್ತು ಮಣ್ಣು, ಮೇಲೆ ಮಾತ್ರ ಗಾರೆ. ದಪ್ಪ ನೋಡಿ ಗಟ್ಟಿ ಅಂದುಕೊಂಡರೆ ಮೋಸ. ಕಲ್ಲಿಗೆ ಸಿಕ್ಕ ಸ್ಕ್ರೂ ಅಲ್ಲಾಡುವುದಿಲ್ಲ, ಮಣ್ಣಿಗೆ ಸಿಕ್ಕದ್ದು ನಾಲ್ಕು ದಿನ ನಿಲ್ಲುವುದಿಲ್ಲ. ಇಂಥಲ್ಲಿ ಗೋಡೆಯ ಆಚೆ ಬದಿಗೂ ಪಟ್ಟಿ ಕೊಟ್ಟು ಆರಪಾರು ಬೋಲ್ಟ್ ಹಾಕುವುದು, ಇಲ್ಲವೇ ನೆಲದಿಂದಲೇ ಎಬ್ಬಿಸಿದ ಕಬ್ಬಿಣದ ಫ್ರೇಮಿಗೆ ಪ್ಲೇಟ್ ಕಟ್ಟುವುದು ಸುರಕ್ಷಿತ. ಫ್ರೇಮ್ ಚೆನ್ನಾಗಿ ಕಾಣುವುದಿಲ್ಲ ನಿಜ, ತಲೆ ಮೇಲೆ ಬೀಳುವುದೂ ಇಲ್ಲ.

ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ, ಗೋಡೆಯೊಳಗಿನ ವೈರುಗಳು ಅದೇ ಗೆರೆಯಲ್ಲಿ ಹೋಗಿರುತ್ತವೆ. ಸೂರಿಗೂ ಇಂಡೋರಿಗೂ ನಡುವೆ ಕೈಪಿಡಿಯಲ್ಲಿ ಹೇಳಿದಷ್ಟು ಜಾಗ ಬಿಡಿ, ಅದು ಹೆಚ್ಚಾಗಿ ಹದಿನೈದು ಸೆಂಟಿಮೀಟರ್ ಆಸುಪಾಸು. ಗಾಳಿ ಎಳೆಯುವುದು ಮೇಲಿನಿಂದ. ಅಂದಕ್ಕೆಂದು ಸೂರಿಗೆ ಅಂಟಿಸಿದರೆ ಅದಕ್ಕೆ ಉಸಿರೇ ಇಲ್ಲ.

ಓಡುತ್ತದೆ, ತಂಪಾಗುವುದಿಲ್ಲ

ಮೊದಲು ರಿಮೋಟ್ ನೋಡಿ, ನಗಬೇಡಿ. ಫ್ಯಾನ್ ಮೋಡ್‌ನಲ್ಲೋ ಡ್ರೈ ಮೋಡ್‌ನಲ್ಲೋ ಬಿಟ್ಟು "ತಂಪಿಲ್ಲ" ಎನ್ನುವುದು ಸಾಮಾನ್ಯ. 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ಎಸಿಗಳು ಮೂಲತಃ 24 ಡಿಗ್ರಿಗೆ ನಿಗದಿಯಾಗಿ ಬರುತ್ತವೆ. ಕೋಣೆ ಆಗಲೇ 25ಕ್ಕೆ ಬಂದಿದ್ದರೆ ಇನ್ವರ್ಟರ್ ಎಸಿ ಮೆಲ್ಲಗೆ ಓಡುವುದು ದೋಷವಲ್ಲ.

ಆಮೇಲೆ ಒಂದು ಅಳತೆ. ಎಸಿಯನ್ನು 18 ಡಿಗ್ರಿಗಿಟ್ಟು, ಫ್ಯಾನ್ ಜೋರು ಮಾಡಿ, ಬಾಗಿಲು ಮುಚ್ಚಿ, ಒಂದು ಕಾಲುಗಂಟೆ ಓಡಿಸಿ. ಸಣ್ಣ ಡಿಜಿಟಲ್ ಥರ್ಮಾಮೀಟರನ್ನು ಮೇಲೆ ಗಾಳಿ ಎಳೆಯುವಲ್ಲಿ ಹಿಡಿದು ನೋಡಿ, ಆಮೇಲೆ ಗಾಳಿ ಬರುವ ಬಾಯಲ್ಲಿ. ವ್ಯತ್ಯಾಸ ಎಂಟರಿಂದ ಹನ್ನೆರಡು ಡಿಗ್ರಿ ಇದ್ದರೆ, ಒಣ ಹವೆಯಲ್ಲಿ ಇನ್ನೂ ಹೆಚ್ಚಿದ್ದರೆ, ಯಂತ್ರ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಕೋಣೆಯದು. ನಮ್ಮ ಆರ್‌ಸಿಸಿ ತಾರಸಿ ಮೇ ತಿಂಗಳ ಬಿಸಿಲನ್ನು ಹಗಲೆಲ್ಲ ಕುಡಿದು ರಾತ್ರಿ ಹನ್ನೊಂದರವರೆಗೆ ಕಕ್ಕುತ್ತದೆ. ತಾರಸಿಯ ಕೆಳಗಿನ ಕೋಣೆಗೆ ಒಂದು ಟನ್, ಅಂದರೆ ಸುಮಾರು 3.5 ಕಿಲೋವ್ಯಾಟ್ ತಂಪು, ಸಾಲದೇ ಹೋಗಬಹುದು. ಲೇಬಲ್ಲಿನ ಆ ಸಾಮರ್ಥ್ಯ ಅಳೆದದ್ದು ಹೊರಗೆ 35 ಡಿಗ್ರಿ ಇದ್ದಾಗ. ಹೊರಗಿನ ಬಿಸಿ 40ರ ಹತ್ತಿರ ಹೋದಂತೆ ಅದು ಇಳಿಯುತ್ತದೆ. ಇಂಥ ಕೋಣೆಗೆ ಗ್ಯಾಸ್ ತುಂಬಿಸುವುದಕ್ಕಿಂತ ತಾರಸಿಗೆ ಬಿಳಿ ಕೂಲ್ ಪೇಂಟ್ ಬಳಿಸುವುದು ಬುದ್ಧಿವಂತಿಕೆ.

ವ್ಯತ್ಯಾಸ ಐದಾರು ಡಿಗ್ರಿ ಮಾತ್ರ ಇದ್ದರೆ ಹೊರಗೆ ಹೋಗಿ. ಔಟ್‌ಡೋರ್ ಎರಡು ಮನೆಗಳ ನಡುವಿನ ಇಕ್ಕಟ್ಟಿನ ಸಂದಿಯಲ್ಲಿದ್ದು, ತಾನು ಉಗುಳಿದ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತಿದೆಯೇ? ಗ್ರಿಲ್ಲು, ಶೀಟು ಅಡ್ಡವಿದೆಯೇ? ಚಿತ್ರದುರ್ಗದಲ್ಲಿ ಇನ್ನೊಂದನ್ನೂ ನೋಡಬೇಕು. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರ ತಿರುಗಿಸುವ ಅದೇ ಆಷಾಢದ ಗಾಳಿ ಔಟ್‌ಡೋರಿನ ಮುಖಕ್ಕೆ ನೇರ ಬಡಿಯುತ್ತಿದ್ದರೆ ಅದರ ಫ್ಯಾನು ಗಾಳಿಗೆ ಎದುರೀಜುತ್ತಿರುತ್ತದೆ.

ಅದೂ ಸರಿಯಿದ್ದರೆ ಈಗ ಗ್ಯಾಸಿನ ಸರದಿ. ಔಟ್‌ಡೋರಿನ ಬದಿಯಲ್ಲಿ ಒಂದು ಸಣ್ಣ ಪೈಪು, ಒಂದು ದಪ್ಪ ಪೈಪು. ಸರಿಯಿರುವ ಯಂತ್ರದಲ್ಲಿ ದಪ್ಪ ಪೈಪ್ ತಣ್ಣಗಿದ್ದು ಬೆವರುತ್ತದೆ. ಸಣ್ಣ ಪೈಪಿನ ಮೇಲೆ ಬಿಳಿ ಹಿಮ ಕಟ್ಟಿ ದಪ್ಪ ಪೈಪ್ ಬೆಚ್ಚಗೇ ಇದ್ದರೆ ಗ್ಯಾಸ್ ಕಡಿಮೆ, ಅಥವಾ ಎಲ್ಲೋ ಕಟ್ಟಿದೆ, ಅಥವಾ ಕೂರಿಸಿದವರು ವಾಲ್ವನ್ನು ಅಲೆನ್ ಕೀಯಲ್ಲಿ ಪೂರ್ತಿ ತೆರೆದೇ ಇಲ್ಲ. ಕೊನೆಯದೂ ಆಗುತ್ತದೆ. ಇಂಡೋರ್ ಕಾಯಿಲ್ ಪೂರ್ತಿ ಐಸಾಗಿ ದಪ್ಪ ಪೈಪಿನವರೆಗೂ ಹಬ್ಬಿದ್ದರೆ ಮೊದಲ ಅನುಮಾನ ಫಿಲ್ಟರ್, ಬ್ಲೋವರ್. ಕಾಯಿಲಿನ ಒಂದು ಕಡೆಯ ಕೆಲವು ಸಾಲಿಗೆ ಮಾತ್ರ ಐಸ್ ಇದ್ದರೆ ಗ್ಯಾಸ್.

ಸೋರಿಕೆ ಹುಡುಕುವುದು ಸೋಪಿನ ನೊರೆಯಲ್ಲಿ. ಪೈಪಿನ ತುದಿಯನ್ನು ಕಹಳೆಯಂತೆ ಅರಳಿಸಿ (ಅದೇ ಫ್ಲೇರ್) ಬಿಗಿಯುವ ಫ್ಲೇರ್ ನಟ್ಟುಗಳು ನಾಲ್ಕು: ಔಟ್‌ಡೋರಿನಲ್ಲಿ ಎರಡು, ಇಂಡೋರಿನ ಹಿಂದಿನ ಜಾಯಿಂಟಿನಲ್ಲಿ ಎರಡು. ನೊರೆ ಹಚ್ಚಿ ತಾಳ್ಮೆಯಿಂದ ನೋಡಬೇಕು, ಸಣ್ಣ ಸೋರಿಕೆಗೆ ಗುಳ್ಳೆ ಏಳಲು ಹೊತ್ತು ಹಿಡಿಯುತ್ತದೆ. ಗ್ಯಾಸಿನ ಜೊತೆ ಎಣ್ಣೆಯೂ ಬರುವುದರಿಂದ ನಟ್ಟಿನ ಸುತ್ತ ಜಿಡ್ಡು ಕಂಡರೆ ಅದೇ ಜಾಗ. ಸೋರಿತೆಂದು ಇನ್ನೂ ಬಿಗಿ ಮಾಡುವುದು ಉಪಾಯವಲ್ಲ. ಅತಿ ಬಿಗಿದ ಫ್ಲೇರ್ ಸೀಳುತ್ತದೆ. ಕಾಲು ಇಂಚಿನ ನಟ್ಟಿಗೆ 14ರಿಂದ 18, ಅರ್ಧ ಇಂಚಿನದಕ್ಕೆ 50ರಿಂದ 60 ನ್ಯೂಟನ್ ಮೀಟರ್ ಸಾಮಾನ್ಯ ಬಿಗಿತ, ಅದನ್ನು ಅಳೆಯಲು ಟಾರ್ಕ್ ಸ್ಪ್ಯಾನರ್ ಇದೆ. ಫ್ಲೇರ್ ಗೀಚಿದ್ದರೆ, ಸೊಟ್ಟಗಿದ್ದರೆ ಗ್ಯಾಸನ್ನು ಔಟ್‌ಡೋರಿಗೆ ಹಿಡಿದಿಟ್ಟು, ಕತ್ತರಿಸಿ ಹೊಸದಾಗಿ ಅರಳಿಸಬೇಕು.

ಇನ್ನೊಂದು ಲಕ್ಷಣ ಜನರನ್ನು ಬಹಳ ಗೊಂದಲಕ್ಕೆ ಕೆಡವುತ್ತದೆ. ಅರ್ಧ ಗಂಟೆ ಚೆನ್ನಾಗಿ ತಂಪು, ಆಮೇಲೆ ಬರೀ ಗಾಳಿ, ಬಂದ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಹಾಕಿದರೆ ಮತ್ತೆ ತಂಪು. ಫಿಲ್ಟರ್ ಸ್ವಚ್ಛವಾಗಿದ್ದೂ ಹೀಗಾದರೆ ಪೈಪಿನೊಳಗೆ ತೇವ ಉಳಿದಿರುವ ಸಾಧ್ಯತೆಯಿದೆ. ಆ ತೇವ ಕಿರಿದಾದ ನಳಿಕೆಯಲ್ಲಿ ಹಿಮವಾಗಿ ಕಟ್ಟುತ್ತದೆ, ನಿಂತಾಗ ಕರಗುತ್ತದೆ. ಕೂರಿಸುವಾಗ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಾಕದೆ, ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ತಳ್ಳಿದ್ದರ ಫಲ ಇದು. ಆರ್-22 ಕಾಲದ ಆ ಚಾಳಿ ಇವತ್ತಿಗೂ ಹೋಗಿಲ್ಲ. ಆರ್-32ರಲ್ಲಿ ಅದು ಉರಿಯುವ ಗ್ಯಾಸನ್ನು ಗೋಡೆಯ ಪಕ್ಕ ಬಿಟ್ಟಂತೆ. ಗಾಳಿಯೂ ಪೂರ್ತಿ ಹೋಗುವುದಿಲ್ಲ, ಉಳಿದ ಗಾಳಿಯಿಂದ ಒತ್ತಡ ಏರಿ ಕಂಪ್ರೆಸರ್ ಬಿಸಿಯಾಗುತ್ತದೆ. ಸರಿಯಾದ ದಾರಿ ಪಂಪ್ ಹಚ್ಚಿ 500 ಮೈಕ್ರಾನಿಗಿಂತ (ಪೈಪಿನೊಳಗೆ ಉಳಿದ ಒತ್ತಡದ ಅಳತೆ) ಕೆಳಗೆ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲ್ಲೇ ನಿಲ್ಲುತ್ತದೆಯೇ ಎಂದು ಕಾಯುವುದು. ಮೆಕ್ಯಾನಿಕ್ ಬಾಗಿಲಿಗೆ ಬಂದಾಗಲೇ ಕೇಳಿ: "ವ್ಯಾಕ್ಯೂಮ್ ಪಂಪ್ ತಂದೀಯೇನಪ್ಪ?" ಇಲ್ಲ ಎಂದರೆ ಕಾಫಿ ಕೊಟ್ಟು ಕಳಿಸಿ, ಪಂಪ್ ತಂದ ಮೇಲೆ ಬರಲಿ.

ಗ್ಯಾಸ್ ತುಂಬಲೇಬೇಕಾದರೆ ತೂಕದಲ್ಲಿ ತುಂಬಲಿ. ಲೇಬಲ್ಲಿನಲ್ಲಿ ಇಷ್ಟು ಗ್ರಾಂ ಎಂದು ಬರೆದಿರುತ್ತದೆ. ಪೈಪ್ ಕಂಪನಿಯ ಅಳತೆಗಿಂತ ಉದ್ದವಾಗಿದ್ದರೆ ಹೆಚ್ಚುವರಿ ಮೀಟರಿಗೆ ಎಷ್ಟು ಎಂಬುದು ಕೈಪಿಡಿಯಲ್ಲಿದೆ. ಇನ್ವರ್ಟರ್ ಎಸಿಯ ಕಂಪ್ರೆಸರ್ ವೇಗ ಬದಲಾಗುತ್ತಲೇ ಇರುವುದರಿಂದ ಬರೀ ಗೇಜ್ ನೋಡಿ ತುಂಬುವುದು ಅಂದಾಜಿನ ಕೆಲಸ. ಆರ್-32ರ ಒತ್ತಡ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು, ಹಳೆಯ ಗೇಜು ಹೋಸುಗಳು ಅದಕ್ಕಲ್ಲ.

ಟ್ರಿಪ್, ಶಾಕ್, ವೋಲ್ಟೇಜು

ಎಂಸಿಬಿ ಹಾಕಿದ ತಕ್ಷಣ ಬಿದ್ದರೆ ಎಲ್ಲೋ ಶಾರ್ಟ್ ಇದೆ, ಮತ್ತೆ ಮತ್ತೆ ಎತ್ತಿ ನೋಡಬೇಡಿ. ಹತ್ತು ನಿಮಿಷ ಓಡಿ ಬಿದ್ದರೆ ಸಡಿಲ ಜಾಯಿಂಟು, ತೆಳು ವೈರು ಅಥವಾ ಓವರ್‌ಲೋಡು. ಪ್ಲಗ್ ಟಾಪ್ ಮುಟ್ಟಿದರೆ ಬಿಸಿ, ಸಾಕೆಟ್ಟಿನ ತೂತಿನ ಸುತ್ತ ಕಪ್ಪು. ಲೈಟ್ ಬೋರ್ಡಿನಿಂದ ಎಳೆದ ಸಣ್ಣ ವೈರಿನಲ್ಲಿ ಒಂದೂವರೆ ಟನ್ ಎಸಿ ಓಡಿಸುವುದು ಬೆಂಕಿಗೆ ಆಹ್ವಾನ. ಎಂಸಿಬಿಗಳಿರುವ ಡಬ್ಬಿ, ಅಂದರೆ ಡಿಬಿಯಿಂದ ಪ್ರತ್ಯೇಕ ಲೈನು, 4 ಚದರ ಮಿಲಿಮೀಟರ್ ತಾಮ್ರದ ವೈರು, ಕೈಪಿಡಿ ಹೇಳಿದ ಆಂಪಿಯರಿನ ಸಿ ಟೈಪ್ ಎಂಸಿಬಿ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬಿದ್ದರೆ ಕರೆಂಟ್ ಅರ್ಥಿಗೆ ಸೋರುತ್ತಿದೆ. ಮೇಲೆ ಹೇಳಿದ ತೂತಿನ ನೀರು ವೈರಿನ ಜಾಯಿಂಟಿಗೆ ತಾಗಿದ್ದರೂ ಹೀಗಾಗುತ್ತದೆ. ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ಕೊಡುವುದು ರಿಪೇರಿಯಲ್ಲ.

ಇಂಡೋರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಅರ್ಥಿಂಗ್ ಪರೀಕ್ಷೆಯಾಗಬೇಕು, ಎಲೆಕ್ಟ್ರಿಷಿಯನ್ ಕೈಯಿಂದ. ಫೇಸು ನ್ಯೂಟ್ರಲ್ ನಡುವೆ ಬರುವಷ್ಟೇ ವೋಲ್ಟೇಜ್ ಫೇಸು ಅರ್ಥ್ ನಡುವೆಯೂ ಬರಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ಒಂದೆರಡು ವೋಲ್ಟಿನ ಮೇಲಿದ್ದರೆ ಅನುಮಾನ. ನಮ್ಮ ಎರೆಮಣ್ಣು ಬೇಸಿಗೆಗೆ ಬಿರುಕುಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಚಿತ್ರದುರ್ಗದ ಬಂಡೆ ನೆಲದಲ್ಲಿ ಗುಂಡಿಯೇ ಆಳ ಹೋಗಿರುವುದಿಲ್ಲ. ಎರಡೂ ಕಡೆ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು, ಅದು ಎಸಿ ಓಡಿಸುವ ತಿಂಗಳುಗಳೇ.

ಸಂಜೆ ಮಾತ್ರ ಎಸಿ ನಿಂತು ನಿಂತು ಓಡಿದರೆ, ಓಡುತ್ತಿರುವಾಗಲೇ ವೋಲ್ಟೇಜ್ ಅಳೆಸಿ. ಓಡದಿದ್ದಾಗ 225 ತೋರಿಸುವ ಪಾಯಿಂಟು ಲೋಡ್ ಬಿದ್ದಾಗ 190ಕ್ಕೆ ಕುಸಿದರೆ ಮನೆಯ ವೈರಿಂಗ್ ತಪ್ಪು. ಮೀಟರಿನ ಬಳಿಯೇ ಕಡಿಮೆಯಿದ್ದರೆ, ಅಕ್ಕಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಡಿ. ಬೋರ್ ಮೋಟರ್ ಶುರುವಾದಾಗಲೇ ಎಸಿ ನಿಲ್ಲುತ್ತದೆಯೇ ಎಂದೂ ಗಮನಿಸಿ. ಸ್ಟೆಬಿಲೈಜರ್ ಬೇಕೇ ಬೇಡವೇ ಎನ್ನುವುದನ್ನು ಅಂಗಡಿಯವರಲ್ಲ, ಲೇಬಲ್ಲಿನ ವೋಲ್ಟೇಜ್ ಮಿತಿ ಮತ್ತು ನಿಮ್ಮ ಮೀಟರಿನ ಅಂಕಿ ತೀರ್ಮಾನಿಸಲಿ.

ಉಳಿದವು

ಶಬ್ದಗಳಲ್ಲಿ ಹೆಚ್ಚಿನವು ನಿರುಪದ್ರವಿ. ಟಕ್ ಟಕ್ ಎನ್ನುವುದು ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವುದು, ಬಂದ್ ಮಾಡಿದಾಗ ಹರಿದಂತೆ ಕೇಳುವುದು ಗ್ಯಾಸು. ಕರಕರ ಉಜ್ಜುವ ಸದ್ದಿದ್ದರೆ ಪ್ಯಾಕಿಂಗ್ ಥರ್ಮಾಕೋಲು ಬ್ಲೋವರಿಗೆ ತಾಗುತ್ತಿರಬಹುದು. ಗೋಡೆಯೇ ಗುಂಯ್‌ಗುಟ್ಟಿದರೆ ಪ್ಲೇಟಿನ ಸ್ಕ್ರೂ.

ಡಿಸ್‌ಪ್ಲೇಯಲ್ಲಿ ಅಕ್ಷರ, ಅಂಕಿ ಮಿಟುಕಿದರೆ ಮೊದಲು ಫೋಟೋ ತೆಗೆಯಿರಿ, ಆಮೇಲೆ ಎಂಸಿಬಿ ಐದು ನಿಮಿಷ ಇಳಿಸಿ ಎತ್ತಿ. ಕಂಪ್ರೆಸರ್ ಮೂರು ನಿಮಿಷ ತಡವಾಗಿ ಶುರುವಾಗುವುದು ಅದರ ಸ್ವಭಾವ. ಹೊಸ ಎಸಿಯಲ್ಲಿ ಇಂಡೋರ್ ಔಟ್‌ಡೋರ್ ನಡುವೆ ಮಾತುಕತೆಯಿಲ್ಲ ಎಂಬರ್ಥದ ಕೋಡ್ ಬಂದರೆ ಬೋರ್ಡ್ ಬದಲಿಸಲು ಒಪ್ಪುವ ಮುನ್ನ ವೈರು ನೋಡಿಸಿ. ಎರಡೂ ತುದಿಯಲ್ಲಿ ಟರ್ಮಿನಲ್ಲಿನ ಒಂದೇ ಸಂಖ್ಯೆಗೆ ಒಂದೇ ಬಣ್ಣ ಸೇರಿರಬೇಕು, ನಡುವೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇರಬಾರದು.

ಮೆಕ್ಯಾನಿಕ್ಕನ್ನು ಕರೆಸುವಾಗ ನಾಲ್ಕು ಅಂಕಿ ಬರೆದಿಡಿ: ಎಳೆಯುವ ಗಾಳಿಯ ಡಿಗ್ರಿ, ಬರುವ ಗಾಳಿಯ ಡಿಗ್ರಿ, ಓಡುವಾಗಿನ ವೋಲ್ಟೇಜು, ತೊಂದರೆ ಕಾಣುವ ಹೊತ್ತು. ಹಣ ಕೊಡುವ ಮುನ್ನ ಎಷ್ಟು ಗ್ರಾಂ ಗ್ಯಾಸ್, ಎಷ್ಟು ಮೀಟರ್ ಪೈಪ್ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ, ಔಟ್‌ಡೋರಿನ ಎರಡೂ ವಾಲ್ವಿನ ಹಿತ್ತಾಳೆ ಕ್ಯಾಪುಗಳು ವಾಪಸ್ ಬಂದು ಬಿಗಿಯಾಗಿವೆಯೇ ನೋಡಿ. ವಾಲ್ವಿನೊಳಗಿನ ರಬ್ಬರು ಸವೆದಾಗ ಗ್ಯಾಸನ್ನು ತಡೆಯುವುದು ಆ ಕ್ಯಾಪೇ.